ಸೀದಾ ಹೋದರೆ ಎಷ್ಟು ದೂರ?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ರಾಯಚೂರು ಜಿಲ್ಲೆಯ ಮಲ್ಲಟದ ಮನೆಯ ಪಡಸಾಲೆಯಲ್ಲಿ ದೊಡ್ಡವ್ವ ಎಲೆ ಅಡಿಕೆಯ ಚೀಲ ಬಿಚ್ಚಿಕೊಂಡು ಕೂತಿದ್ದಳು. ಹೊರಗೆ ಕಣ್ಣು ಬಿಡಲಾಗದಷ್ಟು ಬಿಸಿಲು. ಮೊಮ್ಮಗ ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಊರು. ಎಲೆಗೆ ಸುಣ್ಣ ಸವರುತ್ತಾ ದೊಡ್ಡವ್ವ ಕೇಳಿದಳು: “ಯಪ್ಪಾ, ನೀ ಓದಿದಾವ. ನಮ್ಮ ಹುಡುಗ ಇರೋ ಊರು ಸೀದಾ ಹೋದ್ರ ಎಷ್ಟು ದೂರ ಆಗ್ತದ?”

“ಹದಿನಾಲ್ಕು ಸಾವಿರ ಕಿಲೋಮೀಟರು, ದೊಡ್ಡವ್ವ.”

“ಯಾವ ಕಡಿಗೆ? ಹೊತ್ತು ಮುಳುಗೋ ಕಡಿಗೇನು?” ಎಂದು ಪಡುವಣಕ್ಕೆ ಕೈ ತೋರಿಸಿದಳು.

ದೂರ ಹೇಳುವುದು ಸುಲಭವಾಗಿತ್ತು. ದಿಕ್ಕು ಹೇಳುವಾಗ ನಾನು ತಡವರಿಸಿದೆ. ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಅಮೆರಿಕ ಎಡಗಡೆಗಿದೆ, ಅಂದರೆ ಪಶ್ಚಿಮ. ಆದರೆ ಭೂಮಿ ದುಂಡಗಿದೆ ಎಂದ ಮೇಲೆ ಪೂರ್ವಕ್ಕೆ ಹೊರಟರೂ ಅಲ್ಲಿಗೇ ಸೇರಬೇಕು. ಎರಡರಲ್ಲಿ ಸೀದಾ ಯಾವುದು? ನಿಜವಾದ ಉತ್ತರ ಎರಡೂ ಅಲ್ಲ. ಮಲ್ಲಟದ ಅಂಗಳದಲ್ಲಿ ನಿಂತು ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಮುಖ ಮಾಡಬೇಕೆಂದರೆ ಉತ್ತರಕ್ಕೆ ತಿರುಗಿ, ಅಲ್ಲಿಂದ ಪೂರ್ವದ ಕಡೆಗೆ ತುಸು ವಾಲಬೇಕು, ಹದಿನೆಂಟು ಡಿಗ್ರಿಯಷ್ಟು. ಇದನ್ನು ಬರಿಯ ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಪಡಸಾಲೆಯ ಮೂಲೆಯಲ್ಲಿ ಒಂದು ಕಲ್ಲಂಗಡಿ ಇತ್ತು. ಅದನ್ನೇ ಎಳೆದುಕೊಂಡೆ.

ಕಲ್ಲಂಗಡಿಯ ಮೇಲೊಂದು ದಾರ

ಹಣ್ಣು ಚೆನ್ನಾಗಿ ದುಂಡಗಿತ್ತು. ತೊಟ್ಟು ಉತ್ತರ ಧ್ರುವ ಎಂದಿಟ್ಟುಕೊಂಡೆವು. ತೊಟ್ಟಿಗೂ ಬುಡಕ್ಕೂ ನಟ್ಟನಡುವೆ ಭೂಮಧ್ಯರೇಖೆ. ಅದರಿಂದ ಸ್ವಲ್ಪ ಮೇಲೆ ದೊಡ್ಡವ್ವ ಬೆರಳ ತುದಿಯಿಂದ ಸುಣ್ಣದ ಒಂದು ಚುಕ್ಕಿ ಇಟ್ಟಳು. ಅದು ಬೆಂಗಳೂರು, ಮೊಮ್ಮಗ ವಿಮಾನ ಹತ್ತಿದ ಊರು. ಹಣ್ಣನ್ನು ಹೆಚ್ಚುಕಡಿಮೆ ಅರ್ಧ ಸುತ್ತು ತಿರುಗಿಸಿ, ತೊಟ್ಟಿಗೆ ಇನ್ನೂ ಸ್ವಲ್ಪ ಹತ್ತಿರದಲ್ಲಿ ಇನ್ನೊಂದು ಚುಕ್ಕಿ. ಅದು ಸ್ಯಾನ್ ಫ್ರಾನ್ಸಿಸ್ಕೊ.

ಚೀಲ ಹೊಲಿಯುವ ದಾರವೊಂದನ್ನು ಮೊದಲು ಭೂಪಟದಲ್ಲಿ ಕಾಣುವಂತೆ ಹಣ್ಣಿನ ಹೊಟ್ಟೆಯ ಸುತ್ತ ಅಡ್ಡಲಾಗಿ ಬಳಸಿ ಎರಡೂ ಚುಕ್ಕಿ ಮುಟ್ಟಿಸಿದೆ. ಆಮೇಲೆ ದೊಡ್ಡವ್ವನ ಕೈಗೆ ಎರಡೂ ತುದಿ ಕೊಟ್ಟು, “ಚುಕ್ಕಿ ಬಿಡಬ್ಯಾಡ, ಬಿಗಿಯಾಗಿ ಎಳಿ” ಎಂದೆ. ಎಳೆದಳು. ದಾರ ಹೊಟ್ಟೆಯ ಮೇಲೆ ನಿಲ್ಲಲಿಲ್ಲ. ಸರ್ರನೆ ಮೇಲಕ್ಕೆ ಜಾರಿ ತೊಟ್ಟಿನ ಹತ್ತಿರ ಹೋಗಿ ಕೂತಿತು. ಕೈಯಲ್ಲಿ ಗೇಣುದ್ದ ದಾರ ಮಿಕ್ಕಿತು.

ಆ ಮಿಕ್ಕ ದಾರದಲ್ಲೇ ಎಲ್ಲ ಉತ್ತರ ಇದೆ. ದುಂಡನೆಯ ವಸ್ತುವಿನ ಮೇಲೆ ಎರಡು ಬಿಂದುಗಳ ನಡುವೆ ಬಿಗಿಯಾಗಿ ಎಳೆದ ದಾರ ಹಿಡಿಯುವ ಹಾದಿಯೇ ಅತಿ ಹತ್ತಿರದ ಹಾದಿ. ಅದನ್ನು ಮುಂದುವರಿಸಿ ಸುತ್ತು ಪೂರ್ತಿ ಮಾಡಿದರೆ ಗೋಳವನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತವಾಗುತ್ತದೆ. ಗಣಿತದಲ್ಲಿ ಅದಕ್ಕೆ ಮಹಾವೃತ್ತ ಎಂದು ಹೆಸರು. ಭೂಗೋಳದ ಮೇಲೆ ‘ಸೀದಾ’ ಎಂಬ ಮಾತಿಗೆ ಇರುವ ಅರ್ಥ ಇದೊಂದೇ.

ಭೂಪಟ ಬೇರೆ ಕಥೆ ಹೇಳುವುದೇಕೆ? ಕಲ್ಲಂಗಡಿಯ ಸಿಪ್ಪೆಯನ್ನು ರೊಟ್ಟಿಯಂತೆ ಚಪ್ಪಟೆಯಾಗಿ ಹಾಸಲು ಹೋಗಿ ನೋಡಿ. ಎಲ್ಲೋ ಹರಿಯುತ್ತದೆ, ಇಲ್ಲವೇ ಎಲ್ಲೋ ಹಿಗ್ಗಿಸಬೇಕಾಗುತ್ತದೆ. ಗೋಡೆಯ ಮೇಲಿನ ಭೂಪಟ ಧ್ರುವಗಳ ಹತ್ತಿರದ ನೆಲವನ್ನು ಹಿಗ್ಗಿಸಿಯೇ ತಯಾರಾದದ್ದು. ತೊಟ್ಟಿನ ಬಳಿ ಬೆರಳಗಲ ಇರುವ ಜಾಗ ಅಲ್ಲಿ ಮಾರುದ್ದ ಕಾಣುತ್ತದೆ. ಹಾಗಾಗಿ ಗೋಳದ ಮೇಲೆ ಹತ್ತಿರವಾದ ಹಾದಿ ಭೂಪಟದ ಮೇಲೆ ದೊಡ್ಡ ಕಮಾನಿನಂತೆ, ಸುತ್ತುದಾರಿಯಂತೆ ಕಾಣುತ್ತದೆ.

ಅಂಕಿಗಳಲ್ಲಿ ಹೇಳುವುದಾದರೆ, ಹಡಗಿನವರು ಹಿಂದೆ ಮಾಡುತ್ತಿದ್ದಂತೆ ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಬೆಂಗಳೂರಿನಿಂದ ಪೂರ್ವಕ್ಕೆ ಪೆಸಿಫಿಕ್ ದಾಟಿ ಸ್ಯಾನ್ ಫ್ರಾನ್ಸಿಸ್ಕೊ ಸೇರಲು ಸುಮಾರು 16,100 ಕಿ.ಮೀ. ಆಗುತ್ತದೆ. ಮಹಾವೃತ್ತದ ಮೇಲೆ ಹೋದರೆ ಸುಮಾರು 14,000 ಕಿ.ಮೀ. ಉಳಿತಾಯ 2,100 ಕಿ.ಮೀ., ವಿಮಾನಕ್ಕೆ ಎರಡು ಗಂಟೆಗೂ ಮಿಕ್ಕ ಹಾದಿ. ಆ ಮಹಾವೃತ್ತ ಬೆಂಗಳೂರಿನಿಂದ ಈಶಾನ್ಯ ಅನ್ನುವುದಕ್ಕಿಂತ ಹೆಚ್ಚಾಗಿ ಉತ್ತರಕ್ಕೇ ಹೊರಟು, ರಾಯಚೂರಿನಿಂದ ಪೂರ್ವಕ್ಕೆ 150 ಕಿ.ಮೀ. ಆಚೆ ತೆಲಂಗಾಣದ ಮೇಲೆ ಸಾಗಿ, ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯ ದಾಟಿ ಆರ್ಕ್ಟಿಕ್ ಸಾಗರದ ಅಂಚು ಮುಟ್ಟುತ್ತದೆ. ಅಲ್ಲಿ 71 ಡಿಗ್ರಿ ಉತ್ತರ ಅಕ್ಷಾಂಶ ತಲುಪಿ, ಮತ್ತೆ ಇಳಿಯತೊಡಗಿ, ಅಲಾಸ್ಕದ ಮೇಲೆ ಹಾದು ಕ್ಯಾಲಿಫೋರ್ನಿಯಾ ಸೇರುತ್ತದೆ. ಭತ್ತ ಬೆಳೆಯುವ ಎರಡು ಬೆಚ್ಚನೆಯ ನಾಡುಗಳ ನಡುವಿನ ಹತ್ತಿರದ ದಾರಿ ಹಿಮದ ನಾಡಿನ ಮೇಲೆ ಹೋಗುತ್ತದೆ.

ರಾಯಚೂರಿನ ನೆರಳು

ಭೂಮಿಯ ಅಳತೆ ಗೊತ್ತಿಲ್ಲದೆ ಇಂಥ ಲೆಕ್ಕ ಒಂದೂ ಸಾಧ್ಯವಿಲ್ಲ. ಆ ಅಳತೆಯನ್ನು ಪುಸ್ತಕ ನೋಡಿಯೇ ನಂಬಬೇಕಾಗಿಲ್ಲ. ನಮ್ಮ ರಾಜ್ಯದೊಳಗೇ, ಒಂದು ಕೋಲು ಹಿಡಿದು, ಕಂಡುಹಿಡಿಯಬಹುದು.

ಪ್ರತಿವರ್ಷ ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ನಡುಹಗಲು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಕ್ಷಣ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಅದೇ ದಿನ ರಾಯಚೂರಿನ ಒಂದು ಮಾಳಿಗೆಯ ಮೇಲೆ ನಾನು ಒಂದು ಮೀಟರ್ ಉದ್ದದ ಕೋಲು ನಿಲ್ಲಿಸಿದೆ. ಅದು ಸರಿಯಾಗಿ ಲಂಬವಾಗಿದೆಯೇ ಎಂದು ನೋಡಲು ಗಾರೆ ಕೆಲಸದವರ ತೂಗುಗುಂಡು. 12 ಗಂಟೆ ದಾಟಿದ ಮೇಲೂ ನೆರಳು ಚಿಕ್ಕದಾಗುತ್ತಲೇ ಹೋಯಿತು. 12 ಗಂಟೆ 18 ನಿಮಿಷದ ಹೊತ್ತಿಗೆ ಅತಿ ಚಿಕ್ಕದಾಯಿತು, ಆದರೆ ಮಾಯವಾಗಲಿಲ್ಲ. ಉತ್ತರಕ್ಕೆ ಬಿದ್ದ ಐದೂವರೆ ಸೆಂಟಿಮೀಟರಿಗೆ ಕೂದಲೆಳೆ ಹೆಚ್ಚಿನ ನೆರಳು, ಕೈಬೆರಳಿನಷ್ಟು ಉದ್ದದ್ದು.

ಆ ಬೆರಳುದ್ದದ ನೆರಳು ಹೇಳುವುದೇನು? ರಾಯಚೂರಿನ ನೆತ್ತಿಯಿಂದ ಸೂರ್ಯ 3.2 ಡಿಗ್ರಿ ದಕ್ಷಿಣಕ್ಕೆ ಇದ್ದಾನೆ ಎಂದು. ಸೂರ್ಯ ಬಹಳ ದೂರದಲ್ಲಿರುವುದರಿಂದ ಎರಡೂ ಊರಿಗೆ ಬೀಳುವ ಬಿಸಿಲು ಒಂದೇ ದಿಕ್ಕಿನದು. ವಾಲಿರುವುದು ನೆಲ. ಬೆಂಗಳೂರಿನಿಂದ ರಾಯಚೂರಿನವರೆಗೆ ಭೂಮಿ 3.2 ಡಿಗ್ರಿ ಬಾಗಿದೆ. ಪೂರ್ತಿ ಸುತ್ತಿಗೆ 360 ಡಿಗ್ರಿ, ಅದರಲ್ಲಿ 3.2 ಡಿಗ್ರಿಯ ತುಂಡುಗಳು 112 ಚಿಲ್ಲರೆ. ಎರಡು ಊರುಗಳ ದಕ್ಷಿಣೋತ್ತರ ಅಂತರ ಸುಮಾರು 360 ಕಿ.ಮೀ. ಗುಣಿಸಿದರೆ ನಲವತ್ತು ಸಾವಿರ ಚಿಲ್ಲರೆ ಕಿಲೋಮೀಟರು. ಭೂಮಿಯ ಸುತ್ತಳತೆ 40,000 ಕಿ.ಮೀ. ಎಂದು ಮಕ್ಕಳು ಉರು ಹೊಡೆಯುವ ಅಂಕಿ ರಾಯಚೂರಿನ ಮಾಳಿಗೆಯ ಮೇಲೆ ಬಿದ್ದಿತ್ತು. ಗ್ರೀಕರ ಎರಟೋಸ್ತನೀಸ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ.

ಇದನ್ನು ಇನ್ನಷ್ಟು ನಿಖರವಾಗಿ ಮಾಡಿದ ಕೆಲಸವೂ ನಮ್ಮ ಸೀಮೆಯ ಮೇಲೇ ಹಾದುಹೋಗಿದೆ. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ನೆಲವನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಮುಂದೆ ಬೆಟ್ಟದಿಂದ ಬೆಟ್ಟಕ್ಕೆ, ಗುಡಿ ಗೋಪುರದಿಂದ ಗೋಪುರಕ್ಕೆ ತ್ರಿಕೋನಗಳನ್ನು ಹೆಣೆಯುತ್ತಾ ಕನ್ಯಾಕುಮಾರಿಯಿಂದ ಉತ್ತರಕ್ಕೆ ಸಾಗಿದ. ಗುತ್ತಿಯ ಸೀಮೆಯಲ್ಲಿ ಒಂದು, ಬೀದರಿನ ಸೀಮೆಯಲ್ಲಿ ಒಂದು ಮೂಲರೇಖೆ ಅಳೆದ. ಆ ಎರಡರ ನಡುವಿನ ಪಟ್ಟಿಯಲ್ಲೇ ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋಆಬ್ ಇದೆ. ಲ್ಯಾಂಬ್ಟನ್ 1823ರಲ್ಲಿ ಕೆಲಸದ ಹಾದಿಯಲ್ಲೇ, ಇಂದಿನ ಮಹಾರಾಷ್ಟ್ರದ ಹಿಂಗಣಘಾಟಿನಲ್ಲಿ ತೀರಿಕೊಂಡ. ಜಾರ್ಜ್ ಎವರೆಸ್ಟ್ 1841ರಲ್ಲಿ ಆ ತ್ರಿಕೋನಗಳ ಸಾಲನ್ನು ಹಿಮಾಲಯದ ಬುಡದವರೆಗೆ ಮುಗಿಸಿದ. ಬಿಸಿಲಲ್ಲಿ, ಮಲೇರಿಯಾದಲ್ಲಿ ಎಷ್ಟೋ ಮಂದಿ ಪ್ರಾಣ ತೆತ್ತು ಭೂಮಿ ಎಷ್ಟು ಬಾಗಿದೆ ಎಂದು ಅಳೆದಿದ್ದಾರೆ. ಇಂದು ಪೈಲಟ್ ಎದುರಿನ ಪರದೆಯ ಮೇಲೆ ಮೂಡುವ ದೂರದ ಅಂಕಿಯ ಹಿಂದೆ ಆ ಸರಪಳಿಯ ಕೊಂಡಿಗಳೂ ಇವೆ.

ಬಿಲ್ಲು ಮತ್ತು ಹೆದೆ

ಎರಡು ಊರುಗಳ ಅಕ್ಷಾಂಶ ರೇಖಾಂಶ ಕೊಟ್ಟರೆ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ದೂರ ಹೇಳುತ್ತದೆ. ಆ ಲೆಕ್ಕದ ಜೀವಾಳ ಸೈನ್ ಎಂಬ ಗಣಿತ. ಈ ಪದ ನಮ್ಮಲ್ಲಿಂದಲೇ ಹೊರಟದ್ದು. ಆರ್ಯಭಟ ಕ್ರಿ.ಶ. 499ರ ತನ್ನ ಗ್ರಂಥದಲ್ಲಿ ವೃತ್ತದ ಕಂಸವನ್ನು ಬಿಲ್ಲು ಎಂದೂ ಅದರ ಎರಡು ತುದಿ ಸೇರಿಸುವ ನೇರ ಗೆರೆಯನ್ನು ಹೆದೆ, ಅಂದರೆ ಜ್ಯಾ ಎಂದೂ ನೋಡುವ ರೂಢಿಯಲ್ಲೇ ಕೋಷ್ಟಕ ಕೊಟ್ಟ; ಅದರಲ್ಲಿರುವುದು ಅರ್ಧಜ್ಯಾಗಳ ನಡುವಿನ ವ್ಯತ್ಯಾಸಗಳು. ಜ್ಯಾ ಎಂಬುದು ಜೀವಾ ಆಗಿ, ಅರಬ್ಬರ ಬಾಯಲ್ಲಿ ಜೀಬ ಆಗಿ, ಬರಹದಲ್ಲಿ ಜೈಬ್ ಎಂದು ಓದಿಸಿಕೊಂಡು, ಮಡಿಲು ಎಂಬ ಅರ್ಥ ಹೊತ್ತು ಲ್ಯಾಟಿನ್ನಿಗೆ ಸೈನಸ್ ಆಗಿ ಅನುವಾದವಾಯಿತು. ನಮ್ಮ ಹೆದೆ ಲೋಕ ಸುತ್ತಿ, ಹೆಸರು ಬದಲಿಸಿಕೊಂಡು ಮನೆಗೆ ಮರಳಿದೆ.

ಬಿಲ್ಲು ಹೆದೆಯ ಹೋಲಿಕೆಯಲ್ಲೇ ನೋಡೋಣ. ಬೆಂಗಳೂರು ಸ್ಯಾನ್ ಫ್ರಾನ್ಸಿಸ್ಕೊಗಳ ನಡುವಿನ ಕೋನ, ಭೂಮಿಯ ನಡುಬಿಂದುವಿನಿಂದ ಅಳೆದರೆ, 126 ಡಿಗ್ರಿಗೆ ತುಸು ಕಡಿಮೆ. ಅಂದರೆ ಭೂಮಿಯ ಸುತ್ತಿನ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಬಿಲ್ಲಿನ ಉದ್ದ 14,000 ಕಿ.ಮೀ. ಹೆದೆಯ ಉದ್ದ, ಅಂದರೆ ನೆಲ ಕೊರೆದು ಸುರಂಗ ತೋಡಿದರೆ ಆಗುವ ದೂರ, 11,300 ಕಿ.ಮೀ. ಆಸುಪಾಸು. ಕಡ್ಡಿಯಂಥ ನೇರ ದಾರಿ ಅದೊಂದೇ, ಆದರೆ ಅದು ಕರಗಿದ ಲೋಹದ ನಡುವೆ ಹೋಗಬೇಕು. ಮನುಷ್ಯನಿಗೆ ಉಳಿದಿರುವುದು ಬಿಲ್ಲಿನ ಬೆನ್ನು.

ವಿಮಾನ ಹನ್ನೊಂದು ಕಿಲೋಮೀಟರು ಮೇಲೆ ಹಾರುವುದರಿಂದ ದೂರ ಬಹಳ ಹೆಚ್ಚಬೇಕಲ್ಲವೇ ಎಂದು ಹಲವರು ಕೇಳುತ್ತಾರೆ. ಭೂಮಿಯ ತ್ರಿಜ್ಯ 6,371 ಕಿ.ಮೀ. ಅದರ ಮುಂದೆ ಹನ್ನೊಂದು ಯಾವ ಲೆಕ್ಕ? ಇಡೀ ಪ್ರಯಾಣದಲ್ಲಿ ಹೆಚ್ಚುವುದು ಬರೀ 24 ಕಿ.ಮೀ. ಕಲ್ಲಂಗಡಿಯ ಲೆಕ್ಕದಲ್ಲಿ ವಿಮಾನ ಸಿಪ್ಪೆಗೆ ಅಂಟಿಕೊಂಡ ಧೂಳಿನ ಕಣದಷ್ಟೇ ಎತ್ತರದಲ್ಲಿ ಹಾರುತ್ತಿರುತ್ತದೆ.

ಆಕಾಶದಲ್ಲೂ ಸುತ್ತುದಾರಿ

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವ. ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಹಿಳೆಯರು. ಉತ್ತರ ಧ್ರುವದ ಹಾದಿ ಹಿಡಿದು, ಎಲ್ಲೂ ಇಳಿಯದೆ, ಸುಮಾರು 17 ಗಂಟೆ ಹಾರಿ ಜನವರಿ 11ರ ನಸುಕಿನಲ್ಲಿ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಕರ್ನಾಟಕಕ್ಕೂ ಅಮೆರಿಕದ ಪಶ್ಚಿಮ ಕರಾವಳಿಗೂ ನಡುವೆ ನೇರ ವಿಮಾನ ಶುರುವಾದದ್ದು ಹೀಗೆ. ಅಂದು ವಿಮಾನ ಹಾರಿದ ದೂರ ಸುಮಾರು 16,000 ಕಿ.ಮೀ. ಎಂದು ವರದಿಯಾಯಿತು. ಮಹಾವೃತ್ತ 14,000 ಎಂದ ಮೇಲೆ ಉಳಿದ ಎರಡು ಸಾವಿರ ಯಾಕೆ?

ಆಕಾಶ ಬಯಲಲ್ಲ, ಅದಕ್ಕೂ ಬದುಗಳಿವೆ. ಮೊದಲನೆಯದು ಟಿಬೆಟ್. ಮಹಾವೃತ್ತ ಅದರ ಮೇಲೇ ಹೋಗುತ್ತದೆ. ಆದರೆ ಹಾರಾಟದ ನಡುವೆ ಒಳಗಿನ ಗಾಳಿಯ ಒತ್ತಡ ತಪ್ಪಿತೆಂದರೆ, ಪ್ರಯಾಣಿಕರು ಉಸಿರಾಡಲು ವಿಮಾನ ಬೇಗನೆ ಮೂರು ಕಿಲೋಮೀಟರು ಎತ್ತರಕ್ಕೆ ಇಳಿಯಬೇಕು. ಟಿಬೆಟ್ಟಿನ ನೆಲವೇ ನಾಲ್ಕೂವರೆ, ಐದು ಕಿಲೋಮೀಟರು ಎತ್ತರದಲ್ಲಿದೆ. ಇಳಿಯಲು ಜಾಗವೆಲ್ಲಿ? ಹಾಗಾಗಿ ವಿಮಾನಗಳು ಸಾಮಾನ್ಯವಾಗಿ ಅದನ್ನು ಬಳಸಿ ಹೋಗುತ್ತವೆ.

ಎರಡನೆಯದು ಚಳಿ. ವಿಮಾನಗಳು ಬಹುಮಟ್ಟಿಗೆ ಬಳಸುವ ಸೀಮೆಎಣ್ಣೆಯಂಥ ಇಂಧನ ಸೊನ್ನೆಗಿಂತ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಧ್ರುವದ ಆಕಾಶದಲ್ಲಿ ಹೊರಗಿನ ಗಾಳಿ ಅದಕ್ಕಿಂತಲೂ ತಣ್ಣಗಿರಬಹುದು. ರೆಕ್ಕೆಯೊಳಗಿನ ಇಂಧನದ ಉಷ್ಣತೆಯ ಮೇಲೆ ಪೈಲಟ್ ಸದಾ ಕಣ್ಣಿಟ್ಟಿರಬೇಕು. ತೀರಾ ತಣ್ಣಗಾದರೆ ಬೆಚ್ಚನೆಯ ಗಾಳಿ ಹುಡುಕಿಕೊಂಡು ಎತ್ತರ ಬದಲಿಸಬೇಕು. ಅಲ್ಲಿ ಕಾಂತೀಯ ದಿಕ್ಸೂಚಿಯನ್ನು ನಂಬುವಂತಿಲ್ಲ. ಎಂಜಿನ್ ಕೆಟ್ಟರೆ ಇಷ್ಟು ಹೊತ್ತಿನೊಳಗೆ ಇಳಿಯಲು ಒಂದು ನಿಲ್ದಾಣ ಇರಲೇಬೇಕೆಂಬ ನಿಯಮವೂ ಹಾದಿಯನ್ನು ಅತ್ತಿತ್ತ ಎಳೆಯುತ್ತದೆ.

ಮೂರನೆಯದು ಮನುಷ್ಯರು ಎಳೆದ ಗೆರೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ತನ್ನ ಆಕಾಶವನ್ನು ಅಮೆರಿಕ ಮತ್ತು ಯುರೋಪಿನ ವಿಮಾನಗಳಿಗೆ ಮುಚ್ಚಿತು. ಭಾರತದ ವಿಮಾನಗಳಿಗೆ ಆ ದಾರಿ ತೆರೆದೇ ಉಳಿಯಿತು. 2019ರಲ್ಲಿ ಕೆಲವು ತಿಂಗಳು, ಮತ್ತೆ 2025ರ ಏಪ್ರಿಲ್‌ನಿಂದ ಪಾಕಿಸ್ತಾನದ ಆಕಾಶ ನಮ್ಮ ವಿಮಾನಗಳಿಗೆ ಮುಚ್ಚಿದಾಗ ದಿಲ್ಲಿಯಿಂದ ಯುರೋಪಿಗೆ ಹೋಗುವವರು ಸುತ್ತು ಹಾಕಬೇಕಾಯಿತು. ಭೂಮಿ ಅಷ್ಟೇ ದುಂಡಗಿದ್ದರೂ ಎರಡು ಊರುಗಳ ದೂರ ರಾತ್ರೋರಾತ್ರಿ ಬೆಳೆಯಬಲ್ಲದು.

ಕೃಷ್ಣೆಯ ಹರಿಗೋಲು

ಒಂದು ಪ್ರಶ್ನೆ ಎಲ್ಲ ಶಾಲೆಯಲ್ಲೂ ಒಬ್ಬ ಹುಡುಗನಾದರೂ ಕೇಳುತ್ತಾನೆ. ಭೂಮಿ ತಿರುಗುತ್ತಿದೆ. ಮಲ್ಲಟದ ಅಕ್ಷಾಂಶದಲ್ಲಿ ನೆಲ ಗಂಟೆಗೆ 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ವಿಮಾನ ಮೇಲೆ ಹೋಗಿ ಸುಮ್ಮನೆ ನಿಂತರೆ ಅಮೆರಿಕವೇ ಕೆಳಗೆ ಬಂದು ನಿಲ್ಲಬೇಕಲ್ಲವೇ?

ಇದು ದಡ್ಡ ಪ್ರಶ್ನೆಯಲ್ಲ, ಒಳ್ಳೆಯ ಪ್ರಶ್ನೆ. ಓಡುವ ಬಸ್ಸಿನಲ್ಲಿ ಕೂತು ಒಂದು ನಾಣ್ಯ ಮೇಲಕ್ಕೆ ಚಿಮ್ಮಿ ನೋಡಿ. ಹಿಂದಿನ ಸೀಟಿಗೆ ಹೋಗಿ ಬೀಳುವುದಿಲ್ಲ, ನಿಮ್ಮ ಅಂಗೈಗೇ ಬರುತ್ತದೆ. ಬಸ್ಸಿನ ವೇಗ ನಾಣ್ಯಕ್ಕೂ ಇತ್ತು. ಹಾಗೆಯೇ ಭೂಮಿಯ ಜೊತೆಗೆ ಗಾಳಿಯೂ ತಿರುಗುತ್ತಿದೆ, ನಿಲ್ದಾಣದಲ್ಲಿ ನಿಂತ ವಿಮಾನವೂ ತಿರುಗುತ್ತಿದೆ. ಮೇಲೆದ್ದ ಮಾತ್ರಕ್ಕೆ ಆ ವೇಗ ಅದನ್ನು ಬಿಟ್ಟು ಹೋಗುವುದಿಲ್ಲ.

ಹಾಗಿದ್ದರೂ ಬೆಂಗಳೂರಿನಿಂದ ಹೋಗುವಾಗ ಸುಮಾರು 16 ಗಂಟೆ, ಬರುವಾಗ 17 ಗಂಟೆಗೂ ಹೆಚ್ಚು ಹಿಡಿಯುತ್ತಿದ್ದದ್ದು ಯಾಕೆ? ಇದಕ್ಕೆ ಉತ್ತರ ರಾಯಚೂರಿನ ಬಳಿ ಕೃಷ್ಣೆಯ ನಡುಗಡ್ಡೆಗಳಾದ ಕುರ್ವಕುಲ, ಕುರ್ವಕುರ್ದಗಳಿಗೆ ಹರಿಗೋಲಿನಲ್ಲಿ ಹೋಗಿಬಂದವರಿಗೆ ಗೊತ್ತು. ಹೊಳೆ ತುಂಬಿದಾಗ ಹರಿಗೋಲಿನವನು ಎದುರಿನ ದಡಕ್ಕೆ ಗುರಿಯಿಟ್ಟು ಹುಟ್ಟು ಹಾಕುವುದಿಲ್ಲ. ನೀರು ಬರುವ ಕಡೆಗೆ ಮುಖ ಮಾಡಿ ಹಾಕುತ್ತಾನೆ. ಹೊಳೆ ಕೆಳಕ್ಕೆ ಎಳೆಯುತ್ತದೆ, ಅವನು ಮೇಲಕ್ಕೆ ತುಯ್ಯುತ್ತಾನೆ, ಎರಡೂ ಸೇರಿ ಹರಿಗೋಲು ಎದುರುದಡಕ್ಕೆ ಹೋಗಿ ಹತ್ತುತ್ತದೆ. ಪೈಲಟ್ ಮಾಡುವುದೂ ಇದನ್ನೇ. ಅಡ್ಡಗಾಳಿ ಇದ್ದಾಗ ವಿಮಾನದ ಮೂಗು ಒಂದು ಕಡೆಗೆ, ಅದು ಸಾಗುವ ದಾರಿ ಇನ್ನೊಂದು ಕಡೆಗೆ.

ವಿಮಾನಗಳು ಹಾರುವ ಎತ್ತರದಲ್ಲಿ ಜೆಟ್ ಪ್ರವಾಹ ಎಂಬ ಗಾಳಿಯ ಹೊಳೆಗಳಿವೆ. ಸಮಶೀತೋಷ್ಣ ವಲಯದಲ್ಲಿ ಅವು ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತವೆ. ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದೂ ಉಂಟು. ಇಲ್ಲಿಂದ ಪೂರ್ವಕ್ಕೆ ಹೊರಟ ವಿಮಾನಕ್ಕೆ ಅದು ಬೆನ್ನಗಾಳಿ, ಅಲ್ಲಿಂದ ಬರುವುದಕ್ಕೆ ಎದುರುಗಾಳಿ. ಗಾಳಿಯಲ್ಲಿ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎನ್ನೋಣ. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ಬೆನ್ನಗಾಳಿ ಸಿಕ್ಕರೆ 14,000 ಕಿ.ಮೀ.ಗೆ 14 ಗಂಟೆ ಸಾಕು. ಅಷ್ಟೇ ಎದುರುಗಾಳಿಯಾದರೆ ಹದಿನೇಳೂವರೆ ಗಂಟೆ. ಹಾಗಾಗಿಯೇ ಪ್ರತಿದಿನ ಹವಾಮಾನ ನೋಡಿ ಹೊಸದಾಗಿ ಹಾದಿ ಹಾಕುತ್ತಾರೆ. ಒಳ್ಳೆಯ ಬೆನ್ನಗಾಳಿ ಸಿಗುವುದಾದರೆ ಸಾವಿರ ಕಿಲೋಮೀಟರು ಸುತ್ತು ಹಾಕಿಯಾದರೂ ಅದರ ಬೆನ್ನೇರುವುದು ಲಾಭ. ಕೆಲವೊಮ್ಮೆ ಉದ್ದ ದಾರಿಯೇ ಬೇಗನೆ ಮುಟ್ಟಿಸುತ್ತದೆ.

ಮಳೆಗಾಲದಲ್ಲಿ ನಮ್ಮ ತಲೆಯ ಮೇಲೆಯೇ ಇನ್ನೊಂದು ಹೊಳೆ ಹರಿಯುತ್ತದೆ, ಅದೂ ಉಲ್ಟಾ ದಿಕ್ಕಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲೆ ಹದಿನಾಲ್ಕು, ಹದಿನೈದು ಕಿಲೋಮೀಟರು ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಈ ಜೆಟ್ ಪ್ರವಾಹವನ್ನು 1950ರ ದಶಕದಲ್ಲಿ ಗುರುತಿಸಿ ವಿವರಿಸಿದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಇದನ್ನು ನೋಡಲು ಉಪಕರಣ ಬೇಡ. ಶ್ರಾವಣದ ಒಂದು ಮಧ್ಯಾಹ್ನ ಹೊಲದ ಬದುವಿನ ಮೇಲೆ ನಿಂತು ಆಕಾಶ ನೋಡಿ. ಕೆಳಗಿನ ಕಪ್ಪು ಮೋಡಗಳು ಪೂರ್ವಕ್ಕೆ ಓಡುತ್ತಿರುತ್ತವೆ. ಅವುಗಳ ಸಂದಿಯಲ್ಲಿ, ಬಹಳ ಮೇಲೆ, ಹಿಂಜಿದ ಅರಳೆಯಂಥ ತೆಳು ಮೋಡ ಪಶ್ಚಿಮಕ್ಕೆ ಸರಿಯುತ್ತಿರುತ್ತದೆ.

ಗಡಿಯಾರದ ಲೆಕ್ಕ

ಮೊಮ್ಮಗ ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟು, 16 ಗಂಟೆ ಹಾರಿ, ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿದ. ಎರಡೂವರೆ ಗಂಟೆಯಲ್ಲಿ ಅಮೆರಿಕ! ದೊಡ್ಡವ್ವನಿಗೆ ಇದು ಒಗಟು. ಅಲ್ಲಿನ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಹಾರಿದ ಹದಿನಾರು ಗಂಟೆಯಲ್ಲಿ ಹದಿಮೂರೂವರೆಯನ್ನು ಗಡಿಯಾರ ವಾಪಸು ಕೊಡುತ್ತದೆ. ಮರಳಿ ಬರುವಾಗ ಅಷ್ಟನ್ನೂ ಕಿತ್ತುಕೊಳ್ಳುತ್ತದೆ. ಆ ಮೊದಲ ವಿಮಾನ 9ನೇ ತಾರೀಕು ರಾತ್ರಿ ಹೊರಟು 11ರ ನಸುಕಿಗೆ ಇಳಿದದ್ದು ಇದೇ ಕಾರಣಕ್ಕೆ. ಕ್ಯಾಲೆಂಡರಿನಲ್ಲಿ ಎರಡು ದಿನ, ಮೈಗೆ ಹದಿನೇಳು ಗಂಟೆ.

ರಾಯಚೂರಿನವರಿಗೆ ಈ ಗಡಿಯಾರದ ತೊಡಕು ಹೊಸದೇನಲ್ಲ. ಬೊಂಬಾಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಮತ್ತು ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯ ಹಳಿ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲೇ. ಆ ಕಾಲದಲ್ಲಿ ಒಂದೊಂದು ಊರಿಗೆ ಅದರದ್ದೇ ಸೂರ್ಯ, ಅದರದ್ದೇ ಗಡಿಯಾರ. ಮದ್ರಾಸಿನ ಸಮಯಕ್ಕೂ ಬೊಂಬಾಯಿಯ ಸಮಯಕ್ಕೂ ಅರ್ಧ ಗಂಟೆ ಅಂತರ. ಎರಡು ಗಡಿಯಾರ ನೋಡಿಕೊಂಡು ಒಂದು ಹಳಿಯ ಮೇಲೆ ರೈಲು ಓಡಿಸಲಾಗದು. ಮದ್ರಾಸಿನ ವೀಕ್ಷಣಾಲಯದ ಸಮಯವನ್ನೇ ರೈಲ್ವೆಗಳು ಹಿಡಿದವು. 1906ರ ಜನವರಿ 1ರಿಂದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ ಸಮಯ ಭಾರತದ ಸಮಯವಾಯಿತು. ಮಲ್ಲಟ ಅದಕ್ಕಿಂತ ಐದೂವರೆ ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷ. ಹಾಗಾಗಿ ವರ್ಷದ ಸರಾಸರಿ ನೋಡಿದರೆ ಇಲ್ಲಿ ನಿಜವಾದ ನಡುಹಗಲು 12 ಗಂಟೆ 22 ನಿಮಿಷಕ್ಕೆ. ಮಾಳಿಗೆಯ ಮೇಲೆ ನನ್ನ ಕೋಲಿನ ನೆರಳು ಹನ್ನೆರಡಕ್ಕೆ ಚಿಕ್ಕದಾಗದೆ ಇನ್ನೂ ಹದಿನೆಂಟು ನಿಮಿಷ ಕಾಯಿಸಿದ್ದು ಮುಖ್ಯವಾಗಿ ಇದೇ ಕಾರಣಕ್ಕೆ.

ಮೊದಲ ಮುನ್ನೂರು ಕಿಲೋಮೀಟರು

ಇಷ್ಟೂ ಕೇಳಿದ ಮೇಲೆ ದೊಡ್ಡವ್ವ ದಾರದ ಮಿಕ್ಕ ತುಂಡನ್ನು ಬೆರಳಿಗೆ ಸುತ್ತುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: “ವಿಮಾನದಾಗ ಹದಿನಾರು ತಾಸು ಅಂದಿ. ಅವ ಮನಿ ಬಿಟ್ಟಿದ್ದು ಯಾವಾಗ?”

ಲೆಕ್ಕ ಹಾಕಿದೆವು. ಹಿಂದಿನ ದಿನ ಸಂಜೆ ಐದಕ್ಕೆ ಮಲ್ಲಟದಲ್ಲಿ ಬಸ್ಸು. ರಾಯಚೂರು ಸ್ಟೇಷನ್ನಿನಲ್ಲಿ ರಾತ್ರಿಯ ರೈಲಿಗೆ ಕಾದದ್ದು. ರಾತ್ರಿಯಿಡೀ ರೈಲು. ಬೆಳಿಗ್ಗೆ ಬೆಂಗಳೂರು. ಊರೊಳಗಿನ ದಟ್ಟಣೆ ದಾಟಿ ದೇವನಹಳ್ಳಿ. ಮೂರು ತಾಸು ಮೊದಲೇ ಬಂದು ಸಾಲಿನಲ್ಲಿ ನಿಂತದ್ದು. ಮಧ್ಯಾಹ್ನ ಎರಡಕ್ಕೆ ವಿಮಾನ ಎದ್ದಾಗ ಮನೆ ಬಿಟ್ಟು 21 ತಾಸು. ಮಲ್ಲಟದಿಂದ ದೇವನಹಳ್ಳಿಗೆ ದಾರ ಬಿಗಿಹಿಡಿದು ಅಳೆದರೆ ಸುಮಾರು 330 ಕಿ.ಮೀ. ಅಷ್ಟಕ್ಕೆ 21 ತಾಸು. ಉಳಿದ 14,000 ಕಿ.ಮೀ.ಗೆ 16 ತಾಸು.

“ಹಂಗಾದ್ರ ನಮಗ ದೂರ ಆಗಿರೋದು ಅಮೇರಿಕ ಅಲ್ಲ ಬಿಡು, ಬೆಂಗಳೂರು” ಅಂದಳು ದೊಡ್ಡವ್ವ.

ನಾನು ಈ ಅಧ್ಯಾಯದಲ್ಲಿ ಹೇಳಬೇಕೆಂದಿದ್ದ ಮಾತನ್ನು ಅವಳೇ ಹೇಳಿದ್ದಳು. ಕಿಲೋಮೀಟರು ಭೂಮಿಯ ಗುಣ, ತಾಸು ನಾವು ಕಟ್ಟಿದ ದಾರಿಯ ಗುಣ. ಮೊದಲನೆಯದನ್ನು ಬದಲಿಸಲು ಯಾರಿಂದಲೂ ಆಗದು. ಎರಡನೆಯದು ಬದಲಾಗುತ್ತಲೇ ಬಂದಿದೆ. 1871ರಲ್ಲಿ ಹಳಿ ಕೂಡಿದಾಗ ಈ ದೋಆಬಿಗೆ ಮದ್ರಾಸೂ ಬೊಂಬಾಯಿಯೂ ಹತ್ತಿರವಾದವು. 2008ರಲ್ಲಿ ಶಂಶಾಬಾದ್ ಮತ್ತು ದೇವನಹಳ್ಳಿಯ ವಿಮಾನ ನಿಲ್ದಾಣಗಳು, 2019ರ ನವೆಂಬರ್‌ನಲ್ಲಿ ಕಲಬುರಗಿಯ ನಿಲ್ದಾಣ ತೆರೆದವು. ರಾಯಚೂರಿನ ಪಕ್ಕದ ಯರಮರಸ್‌ನಲ್ಲಿ ವಿಮಾನ ನಿಲ್ದಾಣ ಬೇಕೆಂಬುದು ಜಿಲ್ಲೆಯ ಬಹುಕಾಲದ ಬೇಡಿಕೆ. ಆಕಾಶದ ಹಾದಿಯಲ್ಲಿ ಉಳಿಸಲು ಸಾಧ್ಯವಿದ್ದ ತಾಸುಗಳನ್ನು ವಿಮಾನ ತಯಾರಿಸುವವರು ಬಹುಪಾಲು ಉಳಿಸಿಬಿಟ್ಟಿದ್ದಾರೆ. ನೆಲದ ಮೇಲಿನ ಆ ಇಪ್ಪತ್ತೊಂದರಲ್ಲಿ ಉಳಿಸಬೇಕಾದದ್ದು ಇನ್ನೂ ಬಹಳ ಇದೆ. ಒಂದು ಒಳ್ಳೆಯ ರಸ್ತೆ, ಹೊತ್ತಿಗೆ ಸರಿಯಾಗಿ ಬರುವ ಒಂದು ರೈಲು ಮಲ್ಲಟವನ್ನು ಲೋಕಕ್ಕೆ ಎಷ್ಟು ಹತ್ತಿರ ತರಬಲ್ಲವೋ ಅಷ್ಟನ್ನು ಇನ್ಯಾವ ಹೊಸ ಜೆಟ್ ಎಂಜಿನ್ನೂ ತರಲಾರದು.

ಸಂಜೆ ಬಿಸಿಲು ಇಳಿದ ಮೇಲೆ ಆ ಕಲ್ಲಂಗಡಿ ಕೊಯ್ದು ತಿಂದೆವು. ಕೊಯ್ಯುವ ಮೊದಲು ದೊಡ್ಡವ್ವ ಅದನ್ನು ಅಂಗಳಕ್ಕೆ ಒಯ್ದು, ತೊಟ್ಟನ್ನು ಉತ್ತರಕ್ಕೆ ಮಾಡಿ ಹಿಡಿದು, ಸುಣ್ಣದ ಎರಡು ಚುಕ್ಕಿಗಳ ನಡುವೆ ಬೆರಳಾಡಿಸಿ ನೋಡಿದಳು. ಆಮೇಲೆ ತಲೆಯೆತ್ತಿ, ನೆರೆಮನೆಯ ಮಾಳಿಗೆಯ ಆಚೆ ಉತ್ತರದ ಆಕಾಶದ ಕಡೆಗೆ ಬೆರಳು ಮಾಡಿ, “ಹಿಂಗ ಸೀದಾ” ಅಂದಳು. ಬೆರಳು ಸರಿಯಾಗಿಯೇ ತೋರಿಸುತ್ತಿತ್ತು.